ನೆಲ ಸರ್ಕಾರದ್ದು, ಡಾಲರೂ ಸರ್ಕಾರದ್ದು: ಇಥಿಯೋಪಿಯಾದ ಐವತ್ತು ವರ್ಷ

2024ರ ಜುಲೈ 29, ಸೋಮವಾರ. ಹಿಂದಿನ ವಾರ ಇಥಿಯೋಪಿಯಾದ ಬ್ಯಾಂಕುಗಳಲ್ಲಿ ಒಂದು ಡಾಲರಿಗೆ ಸುಮಾರು 57 ಬಿರ್ ಇತ್ತು. ಆ ಬೆಳಿಗ್ಗೆ ದರ 74 ದಾಟಿತು. ಕೆಲವೇ ವಾರಗಳಲ್ಲಿ 100 ಮೀರಿತು. ಹೊರದೇಶದ ಪತ್ರಿಕೆಗಳು ಇದನ್ನು ಕುಸಿತ ಎಂದು ಬರೆದವು. ರಾಜಧಾನಿ ಅಡಿಸ್ ಅಬಾಬದ ವ್ಯಾಪಾರಿಗಳಿಗೆ ಅದೇನೂ ಹೊಸ ಸುದ್ದಿಯಾಗಿರಲಿಲ್ಲ, ಏಕೆಂದರೆ ಕಾಳಸಂತೆಯಲ್ಲಿ ಡಾಲರ್ ಯಾವತ್ತೋ 100 ದಾಟಿಯಾಗಿತ್ತು. ಊರಿಗೆಲ್ಲ ಗೊತ್ತಿದ್ದ ಬೆಲೆಯನ್ನು ಸರ್ಕಾರ ಅವತ್ತು ಒಪ್ಪಿಕೊಂಡಿತು, ಅಷ್ಟೆ.

ಈ ಉಪನ್ಯಾಸದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. 12 ಕೋಟಿಗೂ ಹೆಚ್ಚು ಜನರಿರುವ ಆ ದೇಶದಲ್ಲಿ 1975ರಿಂದ ಈಚೆಗೆ ಅಧಿಕಾರ ಹಿಡಿದವರು ಒಬ್ಬರನ್ನೊಬ್ಬರು ಜೈಲಿಗೆ ತಳ್ಳಿದ್ದಾರೆ, ದೇಶ ಬಿಟ್ಟು ಓಡಿಸಿದ್ದಾರೆ, ಒಬ್ಬರ ವಿರುದ್ಧ ಇನ್ನೊಬ್ಬರು ಯುದ್ಧ ಮಾಡಿದ್ದಾರೆ. ಆದರೆ ಎರಡು ಬೀಗದ ಕೈಗಳನ್ನು ಮಾತ್ರ ಯಾರೂ ಸೊಂಟದಿಂದ ಬಿಚ್ಚಲಿಲ್ಲ: ಒಂದು ನೆಲದ್ದು, ಇನ್ನೊಂದು ಡಾಲರಿನದ್ದು. 2024ರಲ್ಲಿ ಎರಡನೆಯದು ಸ್ವಲ್ಪ ಸಡಿಲವಾಯಿತು. ಮೊದಲನೆಯದು ಹಾಗೆಯೇ ಇದೆ. ಆ ದೇಶದ ರಾಜಕೀಯವನ್ನು ಜನಾಂಗಗಳ ಜಗಳವೆಂದು ಮಾತ್ರ ಓದಿಕೊಂಡರೆ ಅರ್ಧ ಕಥೆ ಕೈತಪ್ಪುತ್ತದೆ.

ಮೊದಲು ನೆಲ.

ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಉತ್ತರದ್ದು ಒಂದು ಪದ್ಧತಿ, ದಕ್ಷಿಣದ್ದು ಇನ್ನೊಂದು. ಉತ್ತರದ ಎತ್ತರದ ಸೀಮೆಯಲ್ಲಿ 'ರಿಸ್ತ್' ಎಂಬ ಹಕ್ಕಿತ್ತು: ಒಬ್ಬ ಮೂಲಪುರುಷನ ವಂಶದಲ್ಲಿ ಹುಟ್ಟಿದವರಿಗೆಲ್ಲ ಆ ನೆಲದಲ್ಲಿ ಪಾಲು ಕೇಳುವ ಅಧಿಕಾರ. ಅದರ ಮೇಲೆ 'ಗುಲ್ತ್' ಎಂಬ ಕಂದಾಯದ ಹಕ್ಕು, ಅದು ಮನ್ನೆಯರಿಗೂ ಚರ್ಚಿಗೂ ಸೇರಿದ್ದು. ದಕ್ಷಿಣದ ಕಥೆ ಬೇರೆ. 19ನೇ ಶತಮಾನದ ಕೊನೆಗೆ ಎರಡನೆಯ ಮೆನೆಲಿಕ್ ಆ ಸೀಮೆಗಳನ್ನು ಗೆದ್ದಾಗ ಸೈನಿಕರಿಗೂ ಅಧಿಕಾರಿಗಳಿಗೂ ನೆಲ ಹಂಚಿದ. ಅವರನ್ನು 'ನೆಫ್ತೆಞ್ಞಾ' ಅಂದರು. ಕೋವಿ ಹಿಡಿದವರು ಎಂದು ಅರ್ಥ. ಅಲ್ಲಿ ಹಿಂದಿನಿಂದ ಉಳುತ್ತಿದ್ದವರು ಗೇಣಿದಾರರಾದರು. ಬೆಳೆಯಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಒಡೆಯನ ಮನೆಗೆ ಅಳೆದರು. 'ನೆಫ್ತೆಞ್ಞಾ' ಎಂಬ ಪದ ಇವತ್ತಿಗೂ, ದೇಶದ ಅತಿ ದೊಡ್ಡ ಜನಾಂಗವಾದ ಒರೊಮೊ ಜನರ ರಾಜಕೀಯ ಭಾಷಣಗಳಲ್ಲಿ ಬೈಗುಳವಾಗಿ ಬರುತ್ತದೆ. ಕೋವಿ ಹಿಡಿದವರು ಬಂದು ನೂರು ವರ್ಷ ಮೀರಿದರೂ ಪದದ ಕಾವು ಆರಿಲ್ಲ.

1965ರಲ್ಲಿ ಅಡಿಸ್ ಅಬಾಬದ ವಿಶ್ವವಿದ್ಯಾಲಯದ ಹುಡುಗರು ಬೀದಿಗಿಳಿದು ಕೂಗಿದ ಘೋಷಣೆ 'ಮೆರೇತ್ ಲ ಅರಾಶು'. ಕನ್ನಡದಲ್ಲಿ ಹೇಳಿದರೆ, ಉಳುವವನೇ ನೆಲದೊಡೆಯ. ಇಲ್ಲಿ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಇಥಿಯೋಪಿಯಾದಲ್ಲಿ ಚಕ್ರವರ್ತಿಯನ್ನು ಇಳಿಸಿದ್ದ 'ದೆರ್ಗ್' ಎಂಬ ಸೈನಿಕ ಕೂಟ ಗ್ರಾಮೀಣ ಭೂಮಿಯ ಘೋಷಣೆ ಹೊರಡಿಸಿದ್ದು 1975ರ ಮಾರ್ಚ್ 4ರಂದು. ಘೋಷಣೆ ಒಂದೇ, ನಡುವೆ ಇದ್ದದ್ದು ಒಂದು ವರ್ಷ, ಮೂರು ದಿನ. ಇಲ್ಲಿ ಗೇಣಿದಾರ 7ನೇ ನಂಬರ್ ಫಾರಂ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗೆದ್ದರೆ ಪಹಣಿಯಲ್ಲಿ ತನ್ನ ಹೆಸರು ಕಂಡ. ಅಲ್ಲಿ ಒಡೆಯನೂ ಹೋದ, ಗೇಣಿಯೂ ಹೋಯಿತು, ನೆಲ ಮಾತ್ರ ರೈತನ ಹೆಸರಿಗೆ ಬರಲಿಲ್ಲ. ಎಲ್ಲ ಗ್ರಾಮೀಣ ಭೂಮಿಯೂ 'ಇಥಿಯೋಪಿಯಾ ಜನತೆಯ ಸಾಮೂಹಿಕ ಆಸ್ತಿ'ಯಾಯಿತು. ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್ ಉಳುವ ಹಕ್ಕು. ಮಾರುವಂತಿಲ್ಲ, ಅಡವಿಡುವಂತಿಲ್ಲ, ಗೇಣಿಗೆ ಕೊಡುವಂತಿಲ್ಲ. ವಿಧವೆಯರು, ರೋಗಿಗಳಂಥವರನ್ನು ಬಿಟ್ಟರೆ ಕೂಲಿಗೆ ಜನ ಕರೆಯುವಂತೆಯೂ ಇಲ್ಲ. ಸುಮಾರು 800 ಹೆಕ್ಟೇರಿಗೆ ಒಂದರಂತೆ ರೈತ ಸಂಘ ಕಟ್ಟಿ, ಹಂಚುವ ಕೆಲಸವನ್ನು ಅದಕ್ಕೆ ವಹಿಸಿದರು.

ದಕ್ಷಿಣದ ಗೇಣಿದಾರರಿಗೆ ಅದು ನಿಜವಾದ ಬಿಡುಗಡೆ. ಇದನ್ನು ಒಪ್ಪದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಆದರೆ ಹಂಚುವ ಸಂಘವೇ ಬರಬರುತ್ತಾ ಲೆಕ್ಕ ವಸೂಲಿ ಮಾಡುವ ಸಂಘವೂ ಆಯಿತು: ಸರ್ಕಾರದ ಮಾರಾಟ ನಿಗಮಕ್ಕೆ ಇಷ್ಟು ಕ್ವಿಂಟಲ್ ಧಾನ್ಯ, ನಿಗಮ ಹೇಳಿದ ಬೆಲೆಗೆ, ಯುದ್ಧಕ್ಕೆ ಇಷ್ಟು ಹುಡುಗರು. ಕೊಡದಿದ್ದರೆ ಹೊಲದ ಹಂಚಿಕೆ ಅವರ ಕೈಯಲ್ಲೇ ಇದೆಯಲ್ಲ! 1983ರಿಂದ 85ರ ಬರಗಾಲ ಬರೀ ಮಳೆ ಕೈಕೊಟ್ಟದ್ದರಿಂದ ಆದದ್ದಲ್ಲ. ಉತ್ತರದಲ್ಲಿ ಯುದ್ಧ ನಡೆಯುತ್ತಿತ್ತು, ದಾರಿಗಳು ಮುಚ್ಚಿದ್ದವು, ಕಡ್ಡಾಯ ಲೆವಿ ಕಣಜ ಖಾಲಿ ಮಾಡಿತ್ತು. ಆಮೇಲೆ ಸುಮಾರು 6 ಲಕ್ಷ ಜನರನ್ನು ಉತ್ತರದಿಂದ ತೆಗೆದು ನೈಋತ್ಯದ ಕಾಡು ಸೀಮೆಗಳಿಗೆ ಸಾಗಿಸಿದರು. ನೆಲ ಯಾರದೂ ಅಲ್ಲದಿದ್ದಾಗ ಜನರನ್ನು ಎತ್ತಿ ಎಲ್ಲಿ ಬೇಕಾದರೂ ಇಡಬಹುದು.

1991ರ ಮೇ ತಿಂಗಳಲ್ಲಿ ದೆರ್ಗ್ ನಾಯಕ ಮೆಂಗಿಸ್ತು ಹೈಲೆಮರಿಯಮ್ ಜಿಂಬಾಬ್ವೆಗೆ ಓಡಿದ. ಉತ್ತರದ ಟಿಗ್ರಾಯ್ ಪ್ರಾಂತ್ಯದ ಬಂಡುಕೋರರ ನೇತೃತ್ವದ ಇಪಿಆರ್‌ಡಿಎಫ್ ಒಕ್ಕೂಟ ರಾಜಧಾನಿ ಹೊಕ್ಕಿತು. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾಯಿತು. 1995ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದ 39ನೇ ವಿಧಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪ್ರತಿ ಜನಾಂಗಕ್ಕೂ ಒಕ್ಕೂಟದಿಂದ ಹೊರಹೋಗುವ ಹಕ್ಕು ಕೊಡುವ ವಿಧಿ ಅದು. ದಿನನಿತ್ಯದ ಬದುಕಿಗೆ ಅದಕ್ಕಿಂತ ಭಾರವಾದದ್ದು 40ನೆಯದು: ಭೂಮಿ ಸರ್ಕಾರದ್ದು ಮತ್ತು ಇಥಿಯೋಪಿಯಾದ ಜನಾಂಗಗಳದ್ದು, ಅದನ್ನು ಮಾರುವಂತಿಲ್ಲ. ಸಮಾಜವಾದವನ್ನು ಹೊರಗೆ ಹಾಕಿದವರು ಸಮಾಜವಾದದ ಭೂಕಾನೂನನ್ನು ಒಳಗೇ ಇಟ್ಟುಕೊಂಡರು.

ಆ ಒಕ್ಕೂಟದ ನಾಯಕ, ಆಗಿನ ಪ್ರಧಾನಿ ಮೆಲೆಸ್ ಜೆನಾವಿ ಇದಕ್ಕೆ ಕೊಡುತ್ತಿದ್ದ ಕಾರಣವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಾರುವ ಹಕ್ಕು ಕೊಟ್ಟರೆ ಮೊದಲ ಬರಗಾಲಕ್ಕೇ ಬಡವ ಹೊಲ ಮಾರಿ ಪೇಟೆ ಸೇರುತ್ತಾನೆ, ಅಲ್ಲಿ ಅವನಿಗೆ ಕೆಲಸವಿಲ್ಲ ಎಂಬುದು ಆ ವಾದ. ವಿರೋಧಿಗಳ ವಾದವೂ ಅಷ್ಟೇ ಗಟ್ಟಿ: ಹೊಲ ಹಂಚುವವರು, ಗೊಬ್ಬರ ಸಾಲ ಕೊಡುವವರು, ಮತ ಎಣಿಸುವವರು ಎಲ್ಲ ಒಂದೇ ಪಕ್ಷದವರಾದರೆ ಆ ರೈತ ಯಾರಿಗೆ ಮತ ಹಾಕಿಯಾನು? 2005ರ ಚುನಾವಣೆಯಲ್ಲಿ ವಿರೋಧ ಪಕ್ಷ ಅಡಿಸ್ ಅಬಾಬವನ್ನು ಗೆದ್ದಿತು, ಗಲಭೆಯಾಯಿತು, ಸುಮಾರು 200 ಜನ ಸತ್ತರು. 2015ರ ಹೊತ್ತಿಗೆ ಸಂಸತ್ತಿನ 547 ಸ್ಥಾನಗಳೂ ಆಳುವ ಒಕ್ಕೂಟ ಮತ್ತು ಅದರ ಜೊತೆಗಾರರ ಪಾಲಾಗಿದ್ದವು. ಒಂದೂ ಬಿಡದೆ.

ಇದರ ನಡುವೆ ಒಂದು ಒಳ್ಳೆಯ ಕೆಲಸವೂ ನಡೆಯಿತು. ಭೂದಾಖಲೆಯ ಕೆಲಸ ಅದು. ನಮ್ಮವರಿಗೆ ಆಸಕ್ತಿ ಹುಟ್ಟಿಸುವಂಥದ್ದು, ಹಾಗಾಗಿ ಸ್ವಲ್ಪ ವಿವರವಾಗಿ. 1998ರಲ್ಲಿ ಟಿಗ್ರಾಯ್‌ನಲ್ಲಿ ಶುರುವಾಗಿ ಅಮ್ಹಾರಾ, ಒರೊಮಿಯಾ, ದಕ್ಷಿಣದ ಸೀಮೆಗಳಿಗೆ ಹರಡಿತು. ಪ್ರತಿ ಕೆಬೆಲೆಯಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯಂಥ ಘಟಕದಲ್ಲಿ, ಊರವರೇ ಒಂದು ಭೂಸಮಿತಿ ಆರಿಸುತ್ತಾರೆ. ಸಮಿತಿ ಹೊಲದ ಬದುವಿನ ಮೇಲೆ ನಡೆಯುತ್ತದೆ, ನಾಲ್ಕೂ ಕಡೆಯ ಹೊಲದವರು ಜೊತೆಗಿರುತ್ತಾರೆ. ಹಗ್ಗದಿಂದಲೋ ಟೇಪಿನಿಂದಲೋ ಅಂದಾಜು ಅಳತೆ, ಚಕ್ಕುಬಂದಿ ಬರಹ, ತಕರಾರಿದ್ದರೆ ಅಲ್ಲೇ ಪಂಚಾಯಿತಿ. ಆಮೇಲೆ ಪಟ್ಟಿಯನ್ನು ಊರ ಮುಂದೆ ಓದುತ್ತಾರೆ. ಕೊನೆಗೆ ಒಂದು ಪುಸ್ತಕ. ಅಮ್ಹಾರಾದಲ್ಲಿ ಆ ಪುಸ್ತಕದ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರು, ಇಬ್ಬರ ಫೋಟೊ. ಒಂದು ತಾಕಿಗೆ ಬಿದ್ದ ಖರ್ಚು ಸುಮಾರು ಒಂದು ಡಾಲರ್. ಇಷ್ಟು ಅಗ್ಗವಾಗಿ, ಇಷ್ಟು ಬೇಗ, ಇಷ್ಟು ದೊಡ್ಡ ಪ್ರಮಾಣದಲ್ಲಿ ಭೂಪ್ರಮಾಣಪತ್ರ ಕೊಟ್ಟ ದೇಶ ಆಫ್ರಿಕದಲ್ಲಿ ಅಪರೂಪ. ವಿಧವೆಯರು ಧೈರ್ಯದಿಂದ ಹೊಲವನ್ನು ಪಾಲಿಗೆ ಕೊಡತೊಡಗಿದರು, ಕಲ್ಲು ಬದು ಕಟ್ಟುವುದು ಹೆಚ್ಚಿತು.

ಕೆಟ್ಟದ್ದು ಎಲ್ಲಿ? ಮೊದಲ ಸುತ್ತಿನ ಪುಸ್ತಕದಲ್ಲಿ ನಕ್ಷೆಯೇ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಹೊಲ ಪಾಲು ಮಾಡಿಕೊಂಡರು, ಕಚೇರಿಗೆ ಯಾರೂ ಹೋಗಲಿಲ್ಲ. ಪೌತಿ ಖಾತೆ ಮಾಡಿಸದೆ ಬಿಟ್ಟ ಜಮೀನಿನ ಗತಿ ಏನಾಗುತ್ತದೆಂದು ಇಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡನೆಯ ಸುತ್ತಿನಲ್ಲಿ ವೈಮಾನಿಕ ಮತ್ತು ಉಪಗ್ರಹ ಚಿತ್ರಗಳನ್ನು ಮುದ್ರಿಸಿ, ಅದರ ಮೇಲೆ ಊರವರೇ ಗಡಿ ಗೀಚಿ, ನಕ್ಷೆ ಸೇರಿಸುವ ಕೆಲಸ ನಡೆದಿದೆ. ಇನ್ನೊಂದು ತೊಡಕು ಕಾನೂನಿನಲ್ಲೇ ಇತ್ತು. ಒರೊಮಿಯಾದಲ್ಲಿ ಹೊಲದ ಅರ್ಧವನ್ನು ಮಾತ್ರ ಗೇಣಿಗೆ ಕೊಡಬಹುದಿತ್ತು. ಊರು ಬಿಟ್ಟು ಬಹಳ ಕಾಲ ಹೊರಗಿದ್ದರೆ ಹಕ್ಕು ಹೋಗುವ ಭಯ. ಒಂದು ಹೆಕ್ಟೇರಿನ ಆಸುಪಾಸಿನ ಹಿಡುವಳಿ ಮೂವರು ಗಂಡುಮಕ್ಕಳಿಗೆ ಸಾಲದು, ಬಿಟ್ಟು ಹೋಗಲೂ ಆಗದು. ಆ ಸಿಟ್ಟು ಎಲ್ಲಿಗೆ ಹೋಯಿತು ಎಂಬುದು 2014ರಲ್ಲಿ ಗೊತ್ತಾಯಿತು.

ಅಡಿಸ್ ಅಬಾಬ, ಒರೊಮೊ ಜನರ ಪ್ರಾಂತ್ಯವಾದ ಒರೊಮಿಯಾದ ಹೊಟ್ಟೆಯೊಳಗಿರುವ ನಗರ. ಅದು ಯಾವ ಕಡೆಗೆ ಬೆಳೆದರೂ ಒರೊಮೊ ರೈತನ ಹೊಲದ ಮೇಲೇ ಬೆಳೆಯಬೇಕು. 2005ರ ಸ್ವಾಧೀನ ಕಾನೂನಿನ ಪ್ರಕಾರ ಹೊಲ ಕಳೆದುಕೊಂಡವನಿಗೆ ನೆಲದ ಬೆಲೆ ಇಲ್ಲ, ಏಕೆಂದರೆ ನೆಲ ಅವನದಲ್ಲ. ಹಿಂದಿನ ಐದು ವರ್ಷದ ಸರಾಸರಿ ವಾರ್ಷಿಕ ಆದಾಯದ ಹತ್ತು ಪಟ್ಟು ಪರಿಹಾರ, ಅಷ್ಟೆ. ಒಂದು ಲೆಕ್ಕ ಹಾಕಿ ನೋಡೋಣ. ಹೆಕ್ಟೇರಿಗೆ ವರ್ಷಕ್ಕೆ 20,000 ಬಿರ್ ಆದಾಯ ಎಂದಿಟ್ಟುಕೊಳ್ಳಿ. ಹತ್ತು ಪಟ್ಟು ಎಂದರೆ 2 ಲಕ್ಷ. ಹೆಕ್ಟೇರಿಗೆ 10,000 ಚದರ ಮೀಟರ್. ಅಂದರೆ ಚದರ ಮೀಟರಿಗೆ 20 ಬಿರ್ ಬಂತು. ಅದೇ ಜಾಗ ನಗರಾಡಳಿತದ ಕೈಗೆ ಹೋಗಿ, ಗುತ್ತಿಗೆ ಹರಾಜಿಗೆ ಬಂದಾಗ ಚದರ ಮೀಟರಿಗೆ ಸಾವಿರಗಟ್ಟಲೆ ಬಿರ್ ಕೂಗುತ್ತಾರೆ. ನಡುವಿನ ಹಣ ರಸ್ತೆಯಾಗಿದೆ, ಬಹುಮಹಡಿ ಕಟ್ಟಡವಾಗಿದೆ, ಹಲವರ ಜೇಬಿಗೂ ಹೋಗಿದೆ. ಹೊಲ ಕೊಟ್ಟವನು ಮಾತ್ರ ಅದೇ ಕಟ್ಟಡದ ಗೇಟಿನಲ್ಲಿ ಕಾವಲುಗಾರ. ಬೆಂಗಳೂರಿನ ಸುತ್ತಲಿನ ಹಳ್ಳಿಗಳವರಿಗೆ ಈ ಚಿತ್ರ ಅಪರಿಚಿತವಲ್ಲ. ಆದರೆ ಇಲ್ಲಿನವರಿಗೆ ಮಾರುವ ಹಕ್ಕಾದರೂ ಇತ್ತು.

ನಗರದ ಎಲ್ಲೆಯನ್ನು ಸುತ್ತಲಿನ ಒರೊಮಿಯಾಕ್ಕೆ ಹಬ್ಬಿಸುವ ಮಾಸ್ಟರ್ ಪ್ಲಾನ್ ವಿರುದ್ಧ 2014ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಎದ್ದರು. 2015ರ ನವೆಂಬರ್‌ನಲ್ಲಿ ಗಿಂಚಿ ಎಂಬ ಸಣ್ಣ ಊರಿಂದ ಎರಡನೆಯ ಅಲೆ ಎದ್ದಿತು. 2016ರ ಜನವರಿಯಲ್ಲಿ ಯೋಜನೆಯನ್ನು ಕೈಬಿಟ್ಟರು, ತಡವಾಗಿತ್ತು. ಆ ವರ್ಷದ ಅಕ್ಟೋಬರ್ 2ರಂದು ಬಿಶೋಫ್ತುವಿನಲ್ಲಿ ಒರೊಮೊ ಜನರ ಇರೀಚಾ ಹಬ್ಬದ ಜನಸಾಗರದ ಮೇಲೆ ಅಶ್ರುವಾಯು ಬಿದ್ದು ಕಾಲ್ತುಳಿತವಾಯಿತು. ಕೆಲವು ಕಾರ್ಖಾನೆಗಳಿಗೂ ಹೂವಿನ ತೋಟಗಳಿಗೂ ಬೆಂಕಿ ಬಿತ್ತು. ತುರ್ತು ಪರಿಸ್ಥಿತಿ ಬಂತು. 2018ರ ಫೆಬ್ರವರಿಯಲ್ಲಿ ಪ್ರಧಾನಿ ಹೈಲೆಮರಿಯಮ್ ದೆಸಲೆನ್ ರಾಜೀನಾಮೆ ಕೊಟ್ಟರು, ಏಪ್ರಿಲ್ 2ಕ್ಕೆ ಅಬಿಯ್ ಅಹ್ಮದ್ ಬಂದರು. ಅಬಿಯ್ ಅವರನ್ನು ಗದ್ದುಗೆಗೇರಿಸಿದ ಚಳವಳಿಯ ಬುಡ ಹುಡುಕಿದರೆ ಸಿಗುವುದು ಆ ಹತ್ತು ಪಟ್ಟಿನ ಲೆಕ್ಕ. 2019ರ ಹೊಸ ಕಾನೂನು ಅದನ್ನು ಹದಿನೈದು ಪಟ್ಟು ಮಾಡಿತು.

ನೆಲದ ಮಾತು ಮುಗಿಸುವ ಮೊದಲು ಬೆಂಗಳೂರಿನ ಒಂದು ಕಂಪನಿಯ ಪ್ರಸಂಗ. ಗುಲಾಬಿಯಲ್ಲಿ ಜಗತ್ತಿಗೇ ದೊಡ್ಡ ಹೆಸರು ಮಾಡಿದ್ದ ಕರುಟೂರಿ ಗ್ಲೋಬಲ್ ಇಥಿಯೋಪಿಯಾ, ಕೀನ್ಯಾ ಎರಡರಲ್ಲೂ ಹೂ ಬೆಳೆಯುತ್ತಿತ್ತು. ಅದು ಇಥಿಯೋಪಿಯಾದ ಪಶ್ಚಿಮದ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರ್ ಗುತ್ತಿಗೆ ಹಿಡಿಯಿತು. 3 ಲಕ್ಷದವರೆಗೆ ಬೆಳೆಸುವ ಮಾತಿತ್ತು. ಅವಧಿ 50 ವರ್ಷ, ಬಾಡಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಆಗಿನ ಲೆಕ್ಕದಲ್ಲಿ ಸುಮಾರು ಒಂದೂಕಾಲು ಡಾಲರ್. ಬಿಟ್ಟಿ ಎನ್ನಿ. ಆದರೆ ಅದು ಬಾರೋ ನದಿಯ ನೆರೆಬಯಲು. ಮಳೆಗಾಲದಲ್ಲಿ ನದಿ ದಡ ಮೀರಿ ಹರಡುವುದು ಅಲ್ಲಿನ ವಾರ್ಷಿಕ ಕ್ರಮ. ಅನುಆಕ್ ಜನ ನೀರು ಇಳಿದ ಮೇಲೆ ಆ ತೇವದಲ್ಲೇ ಬಿತ್ತುತ್ತಾರೆ, ನುಯೆರ್ ಜನ ದನ ಮೇಯಿಸುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಇದು 'ಖಾಲಿ ಜಾಗ'. 2011ರಲ್ಲಿ ಪ್ರವಾಹ ಬಂದು ಮೆಕ್ಕೆಜೋಳ ಮುಳುಗಿತು, ಕಟ್ಟಿದ ಒಡ್ಡುಗಳು ತಡೆಯಲಿಲ್ಲ. ಅದೇ ವರ್ಷಗಳಲ್ಲಿ ಗಂಬೆಲಾದ ಊರುಗಳನ್ನು ಒಟ್ಟುಗೂಡಿಸಿ ಬೇರೆಡೆ ನೆಲೆಯೂರಿಸುವ ಕಾರ್ಯಕ್ರಮವೂ ನಡೆಯಿತು. ಒತ್ತಾಯದಿಂದ ಎಬ್ಬಿಸಿದರು ಎಂದು ಮಾನವಹಕ್ಕು ಸಂಘಟನೆಗಳು ಆರೋಪಿಸಿದವು, ಸರ್ಕಾರ ಅಲ್ಲಗಳೆಯಿತು. 2015ರ ಡಿಸೆಂಬರ್ ಕೊನೆಗೆ, ಹೇಳಿದಷ್ಟು ಭೂಮಿಯನ್ನು ಅಭಿವೃದ್ಧಿ ಮಾಡಿಲ್ಲವೆಂದು ಸರ್ಕಾರ ಗುತ್ತಿಗೆ ರದ್ದು ಮಾಡಿತು. ಕಂಪನಿ ಇದನ್ನು ಒಪ್ಪಲಿಲ್ಲ. ಒಂದು ಸಹಿಯಿಂದ ಸಿಕ್ಕಿದ ನೆಲ ಇನ್ನೊಂದು ಸಹಿಯಿಂದ ಹೋಯಿತು.

ಈಗ ಡಾಲರ್. ಇಲ್ಲಿ ಕೊಂಚ ತಾಳ್ಮೆ ಬೇಕು.

ಕಳೆದ ದಶಕದಲ್ಲಿ ಇಥಿಯೋಪಿಯಾದ ವಾರ್ಷಿಕ ಸರಕು ರಫ್ತು 300 ಕೋಟಿ ಡಾಲರಿನ ಆಸುಪಾಸು: ಕಾಫಿ, ಎಳ್ಳು, ಹೂ, ನಶೆಗೆ ಜಗಿಯುವ ಖಾತ್ ಸೊಪ್ಪು, ಚಿನ್ನ. ಆಮದು 1,500 ಕೋಟಿಗೂ ಮೇಲೆ. ನಡುವಿನ ಕಂದಕವನ್ನು ನೆರವು, ಸಾಲ, ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ತುಂಬುತ್ತಿದ್ದವು. ಇದೇ ಕಾಲದಲ್ಲಿ ಅಧಿಕೃತ ಲೆಕ್ಕದಂತೆ ಆರ್ಥಿಕತೆ ವರ್ಷಕ್ಕೆ ಸುಮಾರು 10 ಶೇಕಡಾ ಬೆಳೆಯಿತು. ಬಡತನ ರೇಖೆಯ ಕೆಳಗಿದ್ದವರು 1995-96ರಲ್ಲಿ ನೂರಕ್ಕೆ 45, 2015-16ರಲ್ಲಿ 24. ಬೆಳವಣಿಗೆ ಸುಳ್ಳಲ್ಲ. ಅದಕ್ಕೆ ಹಣ ಹೊಂದಿಸಿದ ಬಗೆ ನೋಡಬೇಕು.

2011ರಲ್ಲಿ ದೇಶದ ಕೇಂದ್ರ ಬ್ಯಾಂಕಾದ ರಾಷ್ಟ್ರೀಯ ಬ್ಯಾಂಕು ಖಾಸಗಿ ಬ್ಯಾಂಕುಗಳಿಗೆ ಒಂದು ಆದೇಶ ಕೊಟ್ಟಿತು: ಗ್ರಾಹಕನಿಗೆ 100 ಬಿರ್ ಸಾಲ ಕೊಟ್ಟರೆ, 27 ಬಿರ್ ನಮ್ಮ ಬಾಂಡಿನಲ್ಲಿ ಹಾಕಿ. ಐದು ವರ್ಷದ ಬಾಂಡ್, ಬಡ್ಡಿ 3 ಶೇಕಡಾ. ಠೇವಣಿದಾರನಿಗೆ ಅದೇ ಬ್ಯಾಂಕು ಕನಿಷ್ಠ 5 ಶೇಕಡಾ ಕೊಡಬೇಕು. ಆ 27 ಬಿರ್ ಮೇಲೆ ನಷ್ಟ ಖಚಿತ. ಸರ್ಕಾರಿ ವಾಣಿಜ್ಯ ಬ್ಯಾಂಕು ವಿದ್ಯುತ್ ನಿಗಮಕ್ಕೆ, ರೈಲ್ವೆಗೆ, ಸಕ್ಕರೆ ನಿಗಮಕ್ಕೆ ಅಗ್ಗದ ಸಾಲ ಸುರಿಯಿತು. ಸೈನ್ಯದ ಕೈಕೆಳಗಿದ್ದ ಮೆಟೆಕ್ ಎಂಬ ಉದ್ಯಮಕ್ಕೆ ಸಕ್ಕರೆ ಕಾರ್ಖಾನೆಗಳನ್ನೂ ನೈಲ್ ಅಣೆಕಟ್ಟಿನ ಯಂತ್ರಭಾಗವನ್ನೂ ವಹಿಸಿದರು. ಕಾರ್ಖಾನೆಗಳು ಹೇಳಿದ ಹೊತ್ತಿಗೆ ಏಳಲಿಲ್ಲ. 2018ರಲ್ಲಿ ಅಣೆಕಟ್ಟಿನ ಕೆಲಸವನ್ನೂ ಅದರಿಂದ ಕಿತ್ತುಕೊಂಡರು. ಅಡಿಸ್‌ನಿಂದ ಜಿಬೂಟಿಗೆ 750 ಕಿಲೋಮೀಟರಿನ ವಿದ್ಯುತ್ ರೈಲು ಚೀನಾ ಸಾಲದಲ್ಲಿ ಬಂತು. ಆ ಸಾಲದ ಕಂತನ್ನು ಬಿರ್‌ನಲ್ಲಿ ಕಟ್ಟಲಾಗದು, ಡಾಲರ್ ಬೇಕು. ರೈಲು ಗಳಿಸುವುದು ಬಹುಪಾಲು ಬಿರ್. 2018ರಲ್ಲಿ ಮರುಪಾವತಿಯ ಅವಧಿಯನ್ನು 10ರಿಂದ 30 ವರ್ಷಕ್ಕೆ ಹಿಗ್ಗಿಸಬೇಕಾಯಿತು.

ಡಾಲರ್ ಕಡಿಮೆ, ಕೇಳುವವರು ಹೆಚ್ಚು. ಬೆಲೆ ಏರಲು ಬಿಡದಿದ್ದರೆ ಸರದಿ ಸಾಲು ಹುಟ್ಟುತ್ತದೆ. ಇಂಧನ, ರಸಗೊಬ್ಬರ, ಔಷಧಿಗೆ ಮೊದಲ ಮಣೆ. ಟೈರ್, ಬಿಡಿಭಾಗ, ಕಚ್ಚಾ ಮಾಲು ತರಿಸುವವನು ಬ್ಯಾಂಕಿಗೆ ಅರ್ಜಿ ಹಾಕಿ, ಎಲ್‌ಸಿ (ಆಮದಿಗೆ ಬ್ಯಾಂಕು ಕೊಡುವ ಪಾವತಿ ಖಾತರಿ ಪತ್ರ) ತೆರೆಯುವ ದಿನಕ್ಕಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬೇಕು. ಕಾರ್ಖಾನೆಗಳು ಅರ್ಧ ಸಾಮರ್ಥ್ಯದಲ್ಲಿ ಓಡಿದ್ದಕ್ಕೆ ಬೇಡಿಕೆ ಇಲ್ಲದ್ದು ಕಾರಣವಲ್ಲ. ಹತ್ತು ಸಾವಿರ ಡಾಲರಿನ ಒಂದು ಬಿಡಿಭಾಗ ಬಾರದ್ದು ಕಾರಣ.

ಸರದಿ ತಪ್ಪಿಸಲು ವ್ಯಾಪಾರಿಗಳು ಕಂಡುಕೊಂಡ ದಾರಿ ಕಾಫಿ. 2022ರ ನಿಯಮದಂತೆ ರಫ್ತುದಾರ ತಂದ ಡಾಲರಿನಲ್ಲಿ 70 ಶೇಕಡಾ ರಾಷ್ಟ್ರೀಯ ಬ್ಯಾಂಕಿಗೆ, 10 ತನ್ನ ಬ್ಯಾಂಕಿಗೆ ಒಪ್ಪಿಸಬೇಕು. 20 ಅವನ ಕೈಯಲ್ಲಿ. ಲೆಕ್ಕ ಸುಲಭವಾಗಲೆಂದು ಅಧಿಕೃತ ದರ 50, ಕಾಳಸಂತೆ ದರ 90 ಎಂದುಕೊಳ್ಳಿ. 1 ಲಕ್ಷ ಡಾಲರಿನ ಕಾಫಿಯನ್ನು ಅವನು ಒಳನಾಡಿನಲ್ಲಿ 55 ಲಕ್ಷ ಬಿರ್ ಕೊಟ್ಟು ಕೊಳ್ಳುತ್ತಾನೆ. ಅಧಿಕೃತ ದರದಲ್ಲಿ ಇಡೀ ಮೊತ್ತವೇ 50 ಲಕ್ಷ, ಅಂದರೆ 5 ಲಕ್ಷ ನಷ್ಟ. ಹುಚ್ಚೇ? ಅಲ್ಲ. 80,000 ಡಾಲರ್ ಒಪ್ಪಿಸಿ 40 ಲಕ್ಷ ಪಡೆದ. ಉಳಿದ 20,000 ಡಾಲರಿಗೆ ಟೈರ್ ತರಿಸಿದ. ಪೇಟೆಯಲ್ಲಿ ಟೈರಿನ ಬೆಲೆ ಕಾಳಸಂತೆಯ ಡಾಲರನ್ನು ನೋಡಿ ನಿಂತಿರುವುದರಿಂದ ಅದಕ್ಕೆ 18 ಲಕ್ಷ ಬಂತು. ಒಟ್ಟು 58 ಲಕ್ಷ. ಕಾಫಿಯಲ್ಲಿ ಸೋತು ಟೈರಿನಲ್ಲಿ ಗೆದ್ದ, 3 ಲಕ್ಷ ಉಳಿಯಿತು. ಬರೀ ಕಾಫಿಯನ್ನೇ ನಂಬಿದ ರಫ್ತುದಾರ ಈ ಪೈಪೋಟಿಯಲ್ಲಿ ಉಳಿಯಲಾರ. ಒಪ್ಪಂದ ಮಾಡಿಕೊಂಡು ಮಾಲು ಕಳಿಸದವರ ಸಂಖ್ಯೆಯೂ ಹೆಚ್ಚಿತು. ಕಾಫಿಯ ತವರೂರಿನಲ್ಲಿ ಕಾಫಿ ಡಾಲರ್ ಹಿಡಿಯುವ ಗಾಳವಾಯಿತು.

ಚಿನ್ನದ ದಾರಿ ಇನ್ನೂ ನೇರ. ಕೈಗಣಿಯವರು ಚಿನ್ನವನ್ನು ರಾಷ್ಟ್ರೀಯ ಬ್ಯಾಂಕಿಗೇ ಮಾರಬೇಕು. 2011-12ರಲ್ಲಿ ಚಿನ್ನದ ರಫ್ತು ಸುಮಾರು 60 ಕೋಟಿ ಡಾಲರ್, 2018-19ಕ್ಕೆ 3 ಕೋಟಿಗೂ ಕೆಳಗೆ. ಚಿನ್ನ ಬತ್ತಿರಲಿಲ್ಲ, ಗಡಿ ದಾಟುತ್ತಿತ್ತು. 2024ರಲ್ಲಿ ಡಾಲರಿನ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲಿನ ಒಂದೇ ಆರ್ಥಿಕ ವರ್ಷದಲ್ಲಿ ರಫ್ತಾದ ಚಿನ್ನ 4 ಟನ್ನಿನ ಆಸುಪಾಸಿನಿಂದ 30 ಟನ್ ಮೀರಿ ಜಿಗಿಯಿತು, ಮೌಲ್ಯದಲ್ಲಿ ಕಾಫಿಯನ್ನೂ ಹಿಂದಿಕ್ಕಿತು. ನೆಲದೊಳಗಿನ ಚಿನ್ನ ಒಂದು ವರ್ಷದಲ್ಲಿ ಏಳೆಂಟು ಪಟ್ಟು ಬೆಳೆಯುವುದಿಲ್ಲ.

ಈ ಎರಡೂ ಎಳೆಗಳು ಒಂದೇ ಜಾಗದಲ್ಲಿ ಗಂಟಾಗುವುದು ಹುಮೇರಾದಲ್ಲಿ. ಸುಡಾನ್, ಎರಿಟ್ರಿಯಾ ಗಡಿಗೆ ತಾಗಿದ ವಾಯುವ್ಯದ ಬಯಲು. ಬಿಸಿ ಸೀಮೆ, ಕಪ್ಪು ಮಣ್ಣು, ಮಾರುಕಟ್ಟೆಯಲ್ಲಿ ಹೆಸರಾದ ಬಿಳಿ ಎಳ್ಳು. ಎಳ್ಳೆಂದರೆ ಡಾಲರ್. ಚಕ್ರವರ್ತಿಯ ಕಾಲದಲ್ಲಿ ಇದು ಗೊಂಡರ್ ಕಡೆಯ ಪ್ರಾಂತ್ಯಕ್ಕೆ ಸೇರಿತ್ತು. 1991ರ ನಂತರ ಟಿಗ್ರಾಯ್‌ಗೆ ಸೇರಿಸಿದರು. ಟಿಗ್ರಾಯ್ ಅದನ್ನು ಪಶ್ಚಿಮ ಟಿಗ್ರಾಯ್ ಅನ್ನುತ್ತದೆ, ಅಮ್ಹಾರಾ ವೆಲ್ಕೈತ್ ಅನ್ನುತ್ತದೆ. ಪ್ರಾಂತ್ಯದ ಗೆರೆ ಬದಲಾದರೆ ಹೊಲ ಹಂಚುವ ಕಚೇರಿ ಬದಲಾಗುತ್ತದೆ. ಕಚೇರಿಯ ಭಾಷೆ ಬದಲಾದರೆ ಹೊಲ ಸಿಗುವ ಜನ ಬದಲಾಗುತ್ತಾರೆ. ನೆಲ ಖಾಸಗಿಯಾಗಿದ್ದರೆ ಜಗಳ ಇರುತ್ತಿರಲಿಲ್ಲ ಎನ್ನಲಾಗದು. ಆದರೆ ಗಡಿ ಗೆರೆಯ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ.

2020ರ ನವೆಂಬರ್ 4ರಂದು ಒಕ್ಕೂಟ ಸರ್ಕಾರಕ್ಕೂ ಟಿಗ್ರಾಯ್‌ನ ಆಡಳಿತಕ್ಕೂ ಯುದ್ಧ ಶುರುವಾದಾಗ ಅಮ್ಹಾರಾ ಪಡೆಗಳು ಮೊದಲ ವಾರಗಳಲ್ಲೇ ಹುಮೇರಾ ಹಿಡಿದವು. ಒಂದು ವರ್ಷದ ಹಿಂದೆಯಷ್ಟೇ ಎರಿಟ್ರಿಯಾ ಜೊತೆಗಿನ ಶಾಂತಿಗಾಗಿ ನೊಬೆಲ್ ಪಡೆದಿದ್ದ ಪ್ರಧಾನಿಯ ಪರವಾಗಿ ಎರಿಟ್ರಿಯಾದ ಸೇನೆ ಟಿಗ್ರಾಯ್‌ಗೆ ನುಗ್ಗಿತು. ಟಿಗ್ರಾಯ್‌ನ ಬ್ಯಾಂಕು, ಫೋನು, ಕರೆಂಟು ಕಡಿದುಹೋದವು. ಖಾತೆಯಲ್ಲಿ ದುಡ್ಡಿದ್ದವರೂ ಹಸಿದರು. ಆಫ್ರಿಕಾ ಒಕ್ಕೂಟದ ಪರವಾಗಿ ಸಂಧಾನ ಮಾಡಿದ ನೈಜೀರಿಯಾದ ಮಾಜಿ ಅಧ್ಯಕ್ಷ ಒಬಸಾಂಜೋ ಅವರು ಸತ್ತವರ ಸಂಖ್ಯೆ 6 ಲಕ್ಷದವರೆಗೆ ಇರಬಹುದೆಂದರು. 2022ರ ಜನವರಿಯಿಂದ ಅಮೆರಿಕಾ ಸುಂಕರಹಿತ ಮಾರುಕಟ್ಟೆಯ ಸವಲತ್ತು ಕಿತ್ತುಕೊಂಡಿತು; ಹವಾಸಾದ ಜವಳಿ ಪಾರ್ಕಿನಿಂದ ದೊಡ್ಡ ಖರೀದಿದಾರರು ಅದಕ್ಕೂ ಮೊದಲೇ ಕಾಲ್ತೆಗೆಯತೊಡಗಿದ್ದರು. 2022ರ ನವೆಂಬರ್ 2ರ ಪ್ರಿಟೋರಿಯಾ ಒಪ್ಪಂದ ಬಂದೂಕು ನಿಲ್ಲಿಸಿತು. ಹುಮೇರಾದ ಬಗ್ಗೆ ಅದರಲ್ಲಿ ಇರುವುದು ಇಷ್ಟೇ: ವಿವಾದಿತ ಪ್ರದೇಶಗಳನ್ನು ಸಂವಿಧಾನದಂತೆ ಬಗೆಹರಿಸತಕ್ಕದ್ದು. ಅಲ್ಲಿಂದ ಓಡಿಸಲ್ಪಟ್ಟ ಲಕ್ಷಾಂತರ ಟಿಗ್ರಾಯ್ ಜನ ಒಪ್ಪಂದದ ನಂತರವೂ ಶಿಬಿರಗಳಲ್ಲೇ ಉಳಿದರು. ಇತ್ತ ಅಮ್ಹಾರಾದಲ್ಲಿ 2023ರಿಂದ ಫಾನೋ ಎಂಬ ಸ್ಥಳೀಯ ಸಶಸ್ತ್ರ ಪಡೆಗಳು ಅದೇ ಸರ್ಕಾರದ ಮೇಲೆ ತಿರುಗಿಬಿದ್ದಿವೆ.

ಯುದ್ಧದ ಬಿಲ್ಲು ಬಂದದ್ದು 2023ರ ಡಿಸೆಂಬರ್‌ನಲ್ಲಿ. 2014ರಲ್ಲಿ ಹೊರದೇಶದ ಹೂಡಿಕೆದಾರರಿಂದ ಸಾಲವಾಗಿ ತೆಗೆದ 100 ಕೋಟಿ ಡಾಲರಿನ ಯೂರೋಬಾಂಡಿನ ಬಡ್ಡಿ ಕಂತು 3.3 ಕೋಟಿ ಡಾಲರ್. ಅದನ್ನು ಕಟ್ಟದೆ ದೇಶ ಸುಸ್ತಿದಾರನಾಯಿತು. ಮುಂದಿನ ತಿಂಗಳಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಷೇಧಿಸಿದರು. ಜಗತ್ತು ಇದನ್ನು ಹಸಿರು ಕ್ರಾಂತಿ ಎಂದು ಹೊಗಳಿತು. ಒಳಗಿನ ಲೆಕ್ಕ ಸರಳ: ಪೆಟ್ರೋಲಿಗೆ ಡಾಲರ್ ಬೇಕು, ಕರೆಂಟಿಗೆ ಬೇಡ. ನೈಲ್ ನದಿಯ 5,150 ಮೆಗಾವಾಟಿನ ಮಹಾ ಅಣೆಕಟ್ಟು ಜನರ ಬಾಂಡಿನಿಂದಲೂ ನೌಕರರ ಸಂಬಳದಿಂದಲೂ ಎದ್ದದ್ದು. 2022ರಲ್ಲಿ ಮೊದಲ ವಿದ್ಯುತ್ ಕೊಟ್ಟಿತು, 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೀನ್ಯಾಕ್ಕೆ ಸಾವಿರ ಕಿಲೋಮೀಟರಿಗೂ ಉದ್ದದ ತಂತಿಯಲ್ಲಿ 2022ರ ಕೊನೆಯಿಂದ 200 ಮೆಗಾವಾಟ್ ಹೋಗತೊಡಗಿತು. ಇಥಿಯೋಪಿಯಾಕ್ಕೆ ಕರೆಂಟೂ ಈಗ ಒಂದು ಡಾಲರ್ ಬೆಳೆ.

ಬಾಂಡು ತಪ್ಪಿದ ಮೇಲೆ ಐಎಂಎಫ್ ಬಾಗಿಲು ತಟ್ಟದೆ ದಾರಿ ಇರಲಿಲ್ಲ. ಅಲ್ಲಿಂದ ನಾಲ್ಕು ವರ್ಷಕ್ಕೆ 340 ಕೋಟಿ ಡಾಲರ್, ಬದಲಿಗೆ ಜುಲೈ 29ರ ನಿರ್ಧಾರ. ರಾಷ್ಟ್ರೀಯ ಬ್ಯಾಂಕಿಗೆ ಡಾಲರ್ ಒಪ್ಪಿಸುವ ಕಡ್ಡಾಯ ಹೋಯಿತು, ರಫ್ತುದಾರ 50 ಶೇಕಡಾ ಇಟ್ಟುಕೊಳ್ಳಬಹುದಾಯಿತು, 38 ಬಗೆಯ ಸಾಮಾನಿನ ಮೇಲಿದ್ದ ಆಮದು ತಡೆ ತೆಗೆದರು. ಸಂಬಳದವರಿಗೆ ಎಣ್ಣೆ, ಔಷಧಿ, ಬಸ್ ಚಾರ್ಜು ಎಲ್ಲ ಏರಿತು. 2025ರಲ್ಲಿ ಬ್ಯಾಂಕು ದರಕ್ಕೂ ಬೀದಿ ದರಕ್ಕೂ ನಡುವೆ ಮತ್ತೆ ಅಂತರ ಕಾಣಿಸಿಕೊಂಡಿತು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ಅಂಕಿಅಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವಲ್ಲ, ಏಕೆ ಎಂದು ಒಬ್ಬರು ಕೇಳಿದರು. ಕಾರಣ ಬಹುಪಾಲು ಪಂಚಾಂಗ. ಅಲ್ಲಿಯದು ಹದಿಮೂರು ತಿಂಗಳ ವರ್ಷ, ನಮ್ಮ ಲೆಕ್ಕಕ್ಕಿಂತ ಏಳೆಂಟು ವರ್ಷ ಹಿಂದೆ. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಆದರೆ ಆರ್ಥಿಕ ವರ್ಷ ಜುಲೈ 8ಕ್ಕೆ ಶುರು. ಸರ್ಕಾರಿ ವರದಿಯಲ್ಲಿ '2016' ಎಂದಿದ್ದರೆ ಅದು 2023-24. ಇದನ್ನು ಗಮನಿಸದೆ ಅಂಕಿ ಎತ್ತಿದವರು ಯುದ್ಧ ಮುಗಿದ ನಂತರದ ವರ್ಷವನ್ನು ಯುದ್ಧಕ್ಕೂ ಮೊದಲಿಟ್ಟು ಬರೆದದ್ದುಂಟು.

ಪೇಟೆಯ ಬಡವರ ನೆಲ ಏನಾಯಿತು ಎಂಬುದು ಇನ್ನೊಬ್ಬರ ಪ್ರಶ್ನೆ. 1975ರ ಜುಲೈನಲ್ಲಿ ದೆರ್ಗ್ ನಗರದ ನೆಲವನ್ನೂ, ಒಂದಕ್ಕಿಂತ ಹೆಚ್ಚಿದ್ದ ಮನೆಗಳನ್ನೂ ವಶಪಡಿಸಿಕೊಂಡಿತು. ಆ ಮನೆಗಳು ಕೆಬೆಲೆಯ ಕೈಗೆ ಬಂದು, ಬಡವರಿಗೆ ಚಿಲ್ಲರೆ ಕಾಸಿನ ಬಾಡಿಗೆಗೆ ಸಿಕ್ಕವು. ಬಾಡಿಗೆ ಅಷ್ಟು ಕಡಿಮೆಯಾದ್ದರಿಂದ ದುರಸ್ತಿಗೆ ಹಣವಿರಲಿಲ್ಲ. ಐವತ್ತು ವರ್ಷದಲ್ಲಿ ನಡುಪೇಟೆಯ ಎಷ್ಟೋ ಬೀದಿಗಳು ಸೋರುವ ತಗಡಿನ ಸಾಲುಗಳಾದವು. ಹಳೆಯ ಪಿಯಾಸಾ ಬಡಾವಣೆ ಅಂಥದ್ದು. 2024ರಲ್ಲಿ ರಸ್ತೆ ಅಗಲಿಸುವ 'ಕಾರಿಡಾರ್' ಯೋಜನೆಗೆ ಅದರ ದೊಡ್ಡ ಭಾಗವನ್ನು ಕೆಡವಿದರು. ಸ್ವಂತ ಕಟ್ಟಡವಿದ್ದವರಿಗೆ ಕಟ್ಟಡದ ಲೆಕ್ಕದಲ್ಲಿ ಪರಿಹಾರ, ನೆಲದ ಬೆಲೆಯ ಮಾತಿಲ್ಲ. ಕೆಬೆಲೆ ಬಾಡಿಗೆದಾರರಿಗೆ ಊರ ಅಂಚಿನ ಬಹುಮಹಡಿ ಕಟ್ಟಡದಲ್ಲಿ ಮನೆ, ಅಥವಾ ಬೇರೊಂದು ಕೆಬೆಲೆ ಮನೆ. ಮನೆ ಮುಂದೆ ಕಾಫಿ ಕಾಯಿಸಿ ಮಾರುತ್ತಿದ್ದವರಿಗೆ, ರಾತ್ರಿಯೆಲ್ಲ ಇಂಜೆರಾ ರೊಟ್ಟಿ ಸುಟ್ಟು ಬೆಳಿಗ್ಗೆ ಹೋಟೆಲುಗಳಿಗೆ ಕೊಡುತ್ತಿದ್ದವರಿಗೆ ಆ ಐದನೇ ಮಹಡಿಯಲ್ಲಿ ಗಿರಾಕಿ ಯಾರು ಎಂಬುದಕ್ಕೆ ಪರಿಹಾರದ ನಮೂನೆಯಲ್ಲಿ ಕಾಲಂ ಇಲ್ಲ.